ದೊಡ್ಡ ಗಾಡಿ ತಗೊಳ್ಳುವ ಅಳಿಯನಿಗೆ ಒಂದು ಪತ್ರ

ಚಿರಂಜೀವಿ ಅಳಿಯನಿಗೆ,

ಹುಬ್ಬಳ್ಳಿಯಿಂದ ನಿನ್ನ ಮಾಮಾನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನೀನು ವಾಟ್ಸಾಪಿನಲ್ಲಿ ಕಳಿಸಿದ ಮೂರೂ ಹಳೆ ಗಾಡಿಗಳ ಫೋಟೋ ನೋಡಿದೆ, ಎರಡು ಟೊಯೋಟಾ ಫಾರ್ಚೂನರ್, ಒಂದು ಫೋರ್ಡ್ ಎಂಡೆವರ್. ‘ಮಾಮಾ, ಯಾವುದು ತಗೊಳ್ಳಲಿ, ಒಂದೇ ಮಾತಿನಲ್ಲಿ ಹೇಳ್ರಿ’ ಅಂತ ಕೇಳಿದ್ದೀಯ. ಒಂದು ಮಾತಿಗೆ ಮುಗಿಯುವ ವಿಷಯ ಅಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನವ್ವ ಬೆಳಿಗ್ಗೆ ಫೋನ್ ಮಾಡಿ ‘ಅವನಿಗೆ ಬ್ಯಾಡ ಅಂತ ಹೇಳು’ ಅಂದಳು. ನಾನು ಬೇಡ ಅನ್ನುವುದಿಲ್ಲ. ನಿನ್ನ ದುಡಿಮೆ, ನಿನ್ನ ಆಸೆ. ಆದರೆ ಲೆಕ್ಕ ಗೊತ್ತಿದ್ದು ತಗೊ.

ಮೊದಲು ರೊಕ್ಕದ ಮಾತು. ಹೊಸ ಫಾರ್ಚೂನರ್ ಫೋರ್ ಬೈ ಫೋರ್, ಅಂದರೆ ನಾಲ್ಕೂ ಗಾಲಿ ಎಳೆಯುವ ಗಾಡಿ, ರಸ್ತೆಗೆ ಇಳಿಯುವಷ್ಟರಲ್ಲಿ ಐವತ್ತು ಲಕ್ಷದ ಆಸುಪಾಸು ಆಗುತ್ತದೆ. ಹಳೆಯದು ಅದರ ಕಾಲು ಭಾಗಕ್ಕೆ ಸಿಗುತ್ತದೆ ಅಂತ ನಿನಗೆ ಖುಷಿ. ಆದರೆ ಬೆಲೆ ಇಳಿದದ್ದು ಗಾಡಿಯದು, ಅದರ ಸಾಮಾನಿನದಲ್ಲ. ಇಂಜೆಕ್ಟರ್, ಟರ್ಬೊ, ಬ್ರೇಕ್ ಡಿಸ್ಕ್, ಟೈರ್ ಯಾವುದೂ ‘ಇವನು ಹಳೆ ಗಾಡಿ ತಗೊಂಡಿದ್ದಾನೆ, ಪಾಪ’ ಅಂತ ಕಡಿಮೆಗೆ ಬರುವುದಿಲ್ಲ. ಟೈರ್ ಒಂದನ್ನೇ ನೋಡು. ಈ ಗಾಡಿಗಳದ್ದು ದೊಡ್ಡ ಸೈಜು. ಒಳ್ಳೆ ಕಂಪನಿಯದು ಒಂದಕ್ಕೆ ಹದಿನೈದು ಸಾವಿರದ ಮೇಲೆಯೇ. ನಾಲ್ಕಕ್ಕೆ ಅರವತ್ತು ಸಾವಿರ ಒಂದೇ ಏಟಿಗೆ ಕೈಬಿಡುತ್ತದೆ. ಫೋರ್ ಬೈ ಫೋರ್‌ನಲ್ಲಿ ಎರಡು ಹೊಸದು, ಎರಡು ಸವೆದದ್ದು ಅಂತ ಓಡಿಸುವ ಹಾಗೂ ಇಲ್ಲ. ಗಾಲಿಯ ಸುತ್ತಳತೆ ಹೆಚ್ಚು ಕಡಿಮೆ ಆದರೆ ಆ ಹೊರೆ ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮೇಲೆ ಬೀಳುತ್ತದೆ.

ಡೀಸೆಲ್ ಲೆಕ್ಕ ನೀನೇ ಹಾಕಬಹುದು. ಕೇಶ್ವಾಪುರದಿಂದ ಧಾರವಾಡದ ಹತ್ತಿರದ ಬೇಲೂರು ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ ಬರಲು ಅರವತ್ತು ಕಿಲೋಮೀಟರ್ ಹಿಡಿ. ತಿಂಗಳಿಗೆ 1,500. ಲೀಟರಿಗೆ ಹತ್ತು ಕೊಟ್ಟರೆ 150 ಲೀಟರ್. ಲೀಟರಿಗೆ 90 ರೂಪಾಯಿ ಅಂದರೂ 13,500. ಇಪ್ಪತ್ತು ಕೊಡುವ ಸಣ್ಣ ಕಾರಿಗೆ ಇದರ ಅರ್ಧ ಸಾಕು. ಈ ಹೆಚ್ಚುವರಿ ಏಳು ಸಾವಿರ ಪ್ರತಿ ತಿಂಗಳೂ ಹೋಗುತ್ತಲೇ ಇರುತ್ತದೆ. ಸಾಲದ ಕಂತಾದರೆ ಒಂದು ದಿನ ಮುಗಿಯುತ್ತದೆ, ಇದು ಮುಗಿಯುವುದಿಲ್ಲ.

ಇಷ್ಟಾದ ಮೇಲೂ ಬೇಕು ಅನ್ನುತ್ತೀಯ ಅಂತ ನನಗೆ ಗೊತ್ತು. ಇರಲಿ. ಈಗ ಫೋರ್ ಬೈ ಫೋರ್ ನಿನಗೆ ಯಾಕೆ ಬೇಕು ಅನ್ನುವುದು ನೋಡೋಣ.

‘ಅಣ್ಣಿಗೇರಿ ಹೊಲಕ್ಕೆ ಮಳೆಗಾಲದಲ್ಲೂ ಹೋಗಬಹುದು’ ಅಂತ ಬರೆದಿದ್ದೀಯ. ಇದು ಮಾತ್ರ ಆಗದ ಮಾತು. ನಮ್ಮದು ಎರಿ ಹೊಲ, ಕಪ್ಪು ಮಣ್ಣು. ನಾಲ್ಕು ಹನಿ ಬಿದ್ದರೆ ಮಣ್ಣು ರೊಟ್ಟಿ ಹಿಟ್ಟಿನ ಹಾಗೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಟೈರಿನ ಹಲ್ಲಿನ ಸಂದುಗಳೆಲ್ಲ ತುಂಬಿ, ಒಂದೇ ಸುತ್ತಿನಲ್ಲಿ ಅದು ನುಣ್ಣಗಿನ ಉರುಳೆ ಆಗಿಬಿಡುತ್ತದೆ. ಆಮೇಲೆ ಎರಡು ಗಾಲಿ ತಿರುಗಿದರೇನು, ನಾಲ್ಕು ತಿರುಗಿದರೇನು? ನಾಲ್ಕೂ ನಿಂತಲ್ಲೇ ತಿರುಗುತ್ತವೆ. ಮೇಲೆ ಎರಡು ಟನ್ ದಾಟಿದ ಭಾರ. ಆಕ್ಸಲ್ ತನಕ ಕೂತರೆ ಎಳೆಯಲು ಟ್ರ್ಯಾಕ್ಟರೇ ಬರಬೇಕು, ಅದೂ ಹೊಲ ಸ್ವಲ್ಪ ಆರಿದ ಮೇಲೆ. ಇನ್ನು ನವಲಗುಂದ ಕಡೆ ಬೆಣ್ಣೆಹಳ್ಳ ತುಂಬಿ ರಸ್ತೆ ಮೇಲೆ ಹರಿಯುವಾಗ, ‘ನನ್ನದು ಎತ್ತರದ ಗಾಡಿ’ ಅಂತ ಯಾವತ್ತೂ ಇಳಿಸಬೇಡ. ಎಂಡೆವರ್‌ಗೆ 800 ಮಿಲಿಮೀಟರ್ ನೀರಿನ ತನಕ ಹೋಗಬಹುದು ಅಂತ ಕಂಪನಿ ಹೇಳುತ್ತದೆ, ನಿಜ. ಅದು ನಿಂತ ನೀರಿನ, ಗಟ್ಟಿ ತಳದ ಲೆಕ್ಕ. ಹರಿಯುವ ಹಳ್ಳದ ಲೆಕ್ಕವೇ ಬೇರೆ. ಕೆಳಗೆ ರಸ್ತೆ ಕೊಚ್ಚಿ ಹೋಗಿದೆಯೋ ಇಲ್ಲವೋ ಮೇಲಿನಿಂದ ಕಾಣುವುದೇ ಇಲ್ಲ.

ಹಾಗಾದರೆ ಎಲ್ಲಿ ಉಪಯೋಗ? ದಾಂಡೇಲಿ, ಜೋಯಿಡಾ ಕಡೆಯ ಕೆಂಪು ಮಣ್ಣಿನ ಏರಿನಲ್ಲಿ, ಕಲ್ಲು ಕೊರಕಲು ದಾರಿಯಲ್ಲಿ, ಮರಳಿನಲ್ಲಿ. ಅಲ್ಲಿ ಫೋರ್ ಎಲ್, ಅಂದರೆ ನಾಲ್ಕೂ ಗಾಲಿಗೆ ನಿಧಾನದಲ್ಲಿ ಹೆಚ್ಚು ಬಲ ಕೊಡುವ ಗೇರು, ಹಾಕಿ ಏರಿಸಿದರೆ ಅದರ ಕಸುವು ಗೊತ್ತಾಗುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಅಂಕೋಲಾಕ್ಕೆ ಹೋಗಲು ಅದೇನೂ ಬೇಡ, ಅದು ಡಾಂಬರು ರಸ್ತೆ. ಘಾಟಿನಲ್ಲಿ ಬೇಕಾದದ್ದು ಕೆಳ ಗೇರು ಮತ್ತು ತಾಳ್ಮೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಈ ಭಾರಕ್ಕೆ ಬ್ರೇಕ್ ಕಾಯ್ದು ಹಿಡಿತ ಬಿಡುತ್ತದೆ. ಅಂದರೆ ವರ್ಷಕ್ಕೆ ಎರಡು ಮೂರು ಸಲದ ಖುಷಿಗೆ ದಿನಾ ಹೊರೆ ಹೊರುತ್ತೀಯ. ಖುಷಿಗೆ ಖರ್ಚು ಮಾಡುವುದು ತಪ್ಪಲ್ಲ ಬಿಡು, ಅದಕ್ಕೆ ಹೊಲದ ಹೆಸರು ಮಾತ್ರ ಹೇಳಬೇಡ.

ಈಗ ಆ ಮೂರು ಗಾಡಿ.

ದಿಲ್ಲಿ ನಂಬರಿನ 2017ರ ಫಾರ್ಚೂನರ್ 2.8 ಆಟೊಮ್ಯಾಟಿಕ್ ಎಲ್ಲಕ್ಕಿಂತ ಚೆಂದ ಕಾಣುತ್ತದೆ, ಅಲ್ವಾ? ಹಿಂದುಗಡೆ ಫೋರ್ ಬೈ ಫೋರ್ ಅಂತ ಅಕ್ಷರವೂ ಇದೆ. ಆದರೆ ಒಳಗಿನ ಫೋಟೋ ದೊಡ್ಡದು ಮಾಡಿ ನೋಡು. ಆ ಮಾದರಿಯಲ್ಲಿ 2ಎಚ್ (ಎರಡು ಗಾಲಿ), 4ಎಚ್ (ನಾಲ್ಕು ಗಾಲಿ), 4ಎಲ್ (ನಾಲ್ಕು ಗಾಲಿ, ನಿಧಾನ) ಅಂತ ಬರೆದ ಗುಂಡನೆಯ ತಿರುಪು ಡ್ಯಾಶ್‌ಬೋರ್ಡಿನಲ್ಲಿ ಇರಲೇಬೇಕು. ಇದರಲ್ಲಿ ಆ ಜಾಗದಲ್ಲಿ ಏನೂ ಇಲ್ಲ, ಖಾಲಿ ಪ್ಲಾಸ್ಟಿಕ್. ಅಂದರೆ ಇದು ಹಿಂದಿನ ಎರಡೇ ಗಾಲಿ ಎಳೆಯುವ ಗಾಡಿ, ಅಕ್ಷರ ಆಮೇಲೆ ಅಂಟಿಸಿದ್ದು. ಇಂಥದ್ದು ಭಾಳ ನಡೆಯುತ್ತದೆ. ಹೆಸರು ನಂಬಿಯೂ ಮೋಸ ಹೋಗಬೇಡ. ಟಾಟಾ ಸಫಾರಿ ಅಂದಕೂಡಲೇ ಹಳೆ ಸ್ಟಾರ್ಮ್ ಕಾಲದ ಫೋರ್ ಬೈ ಫೋರ್ ನೆನಪಾಗುತ್ತದೆ. 2021ರಲ್ಲಿ ಬಂದ ಸಫಾರಿ ಮುಂದಿನ ಗಾಲಿ ಎಳೆಯುವ ಗಾಡಿ.

ದಿಲ್ಲಿ ಗಾಡಿ ಅಗ್ಗ ಯಾಕೆ ಅಂತಲೂ ತಿಳಿದುಕೊ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಆಗ ಅಲ್ಲಿಯ ಗಾಡಿಗಳು ದಕ್ಷಿಣಕ್ಕೆ ಇಳಿದು ಬರತೊಡಗಿದವು. ಗಾಡಿ ಕೆಟ್ಟದ್ದೇ ಅಂತಲ್ಲ. ಆದರೆ ಇಲ್ಲಿಗೆ ತಂದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ ಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಹೊಸ ಗಾಡಿ ಇಪ್ಪತ್ತು ಲಕ್ಷ ದಾಟಿದರೆ ನಮ್ಮಲ್ಲಿ ತೆರಿಗೆ 18 ಪರ್ಸೆಂಟ್. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೂ ಸಣ್ಣ ಮೊತ್ತವೇನಲ್ಲ. ಮೊದಲು ಆರ್‌ಟಿಒದಲ್ಲಿ ಎಷ್ಟಾಗುತ್ತದೆ ಅಂತ ಬರೆಸಿಕೊಂಡು, ಗಾಡಿಯ ಬೆಲೆಗೆ ಕೂಡಿಸಿ ನೋಡು. ಅಗ್ಗ ಅನ್ನುವುದು ಅಲ್ಲೇ ಕರಗುತ್ತದೆ. ಇದನ್ನು ಬಿಟ್ಟುಬಿಡು.

ಎರಡನೆಯದು ಪುಣೆಯ ಎಂಡೆವರ್ 3.2. ಇದರ ಮೇಲೆ ನನಗೂ ಸ್ವಲ್ಪ ಪ್ರೀತಿ ಇದೆ, ಸುಳ್ಳು ಯಾಕೆ ಹೇಳಲಿ. ಐದು ಸಿಲಿಂಡರ್, 200 ಕುದುರೆ ಶಕ್ತಿ. ಆ ಎಂಜಿನ್ನಿನ ಸದ್ದೇ ಬೇರೆ. ಒಳಗೆ ಕೂತರೆ ಫಾರ್ಚೂನರ್‌ಗಿಂತ ಮೆತ್ತಗೆ. ಆದರೆ ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಗಾಡಿ ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು. ಸಾಮಾನು ಸಿಗುವುದಿಲ್ಲ ಅಂತಲ್ಲ, ಸಿಗುತ್ತದೆ. ಆದರೆ ಹೊರಗಿನಿಂದ ತರಿಸಬೇಕಾದದ್ದು ಬರುವ ತನಕ ನೀನು ಡ್ಯೂಟಿಗೆ ಹೇಗೆ ಹೋಗುತ್ತೀಯ? ಮನೆಯಲ್ಲಿ ಇನ್ನೊಂದು ಕಾರಿದ್ದವನು ಇದನ್ನು ಇಟ್ಟುಕೊಳ್ಳಬಹುದು. ನಿನಗಿರುವುದು ಇದೊಂದೇ. ಇನ್ನೊಂದು ಮಾತು. ಈ ಎಂಜಿನ್ನಿನ ಆಯಿಲ್ ಬದಲಿಸುವಾಗ ಹಳೆ ಆಯಿಲ್ ಇಳಿಸಿ ಚಹಾ ಕುಡಿಯಲು ಹೋಗಬಾರದು. ಹೆಚ್ಚು ಹೊತ್ತು ಖಾಲಿ ಬಿಟ್ಟರೆ ಆಯಿಲ್ ಪಂಪ್ ಎಳೆಯುವುದನ್ನು ಬಿಡುತ್ತದೆ, ಸ್ಟಾರ್ಟ್ ಮಾಡಿದಾಗ ಎಂಜಿನ್ ಒಣಗಿ ಓಡುತ್ತದೆ. ಗೊತ್ತಿಲ್ಲದ ಗ್ಯಾರೇಜಿನಲ್ಲಿ ಬಿಡುವ ಗಾಡಿ ಅಲ್ಲ ಇದು.

ಮೂರನೆಯದು ಕೆಎ-25, ಅಂದರೆ ಧಾರವಾಡ ನಂಬರಿನ 2013ರ ಫಾರ್ಚೂನರ್ 3.0 ಮ್ಯಾನುವಲ್. ಬಣ್ಣ ಮಂಕಾಗಿದೆ, ಸೀಟು ಹಳೆಯದು, ಫೋಟೋ ಸಹ ಸರಿ ತೆಗೆದಿಲ್ಲ. ನನ್ನ ಕಣ್ಣು ಇದರ ಮೇಲೇ ಇದೆ. 171 ಕುದುರೆ ಶಕ್ತಿಯ ಈ ಎಂಜಿನ್ ಆಯಿಲ್ ನೋಡಿಕೊಂಡವನ ಕೈಯಲ್ಲಿ ಭಾಳ ವರ್ಷ ಬಾಳುತ್ತದೆ, ಕೈಯಾಡಿಸಿದ ಮೇಸ್ತ್ರಿಗಳೂ ನಮ್ಮೂರಲ್ಲೇ ಇದ್ದಾರೆ. ಇದರಲ್ಲಿ ನಾಲ್ಕೂ ಗಾಲಿಗೆ ಯಾವಾಗಲೂ ಶಕ್ತಿ ಹೋಗುತ್ತದೆ. ನಡುವೆ ಒಂದು ಡಿಫರೆನ್ಷಿಯಲ್ ಇರುವುದರಿಂದ ಡಾಂಬರಿನಲ್ಲೂ ತೊಂದರೆ ಇಲ್ಲ. ಅದನ್ನು ಲಾಕ್ ಮಾಡುವುದು ಮಣ್ಣಿನಲ್ಲಿ ಮಾತ್ರ. ಯಾಕೆ ಅಂದರೆ ತಿರುವಿನಲ್ಲಿ ಮುಂದಿನ ಗಾಲಿಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಸಣ್ಣ ಸುತ್ತು. ಲಾಕ್ ಮಾಡಿದರೆ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ಮಣ್ಣಿನಲ್ಲಾದರೆ ಗಾಲಿ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ. ಒಣ ರಸ್ತೆಯಲ್ಲಿ ಜಾರಲು ಆಸ್ಪದ ಇಲ್ಲ, ಆ ತಿರುಚೆಲ್ಲ ಶಾಫ್ಟು, ಗೇರುಗಳ ಮೇಲೆ ಬರುತ್ತದೆ. ಹೊಸ ಮಾದರಿಗಳಲ್ಲಿ 4ಎಚ್ ಹಾಕಿಕೊಂಡು ಊರು ತಿರುಗುವವರು ಹಾಳು ಮಾಡಿಕೊಳ್ಳುವುದೂ ಹೀಗೆಯೇ.

ಇದರ ಕಷ್ಟವನ್ನೂ ಹೇಳಿಬಿಡುತ್ತೇನೆ. ಕ್ಲಚ್ ಭಾರ. ಸಂಜೆ ಚನ್ನಮ್ಮ ಸರ್ಕಲ್ ದಾಟುವಷ್ಟರಲ್ಲಿ ಎಡ ಮೊಣಕಾಲು ನೆನಪು ಮಾಡಿಸುತ್ತದೆ. ಬಿಆರ್‌ಟಿಎಸ್ ಬಂದ ಮೇಲೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ನಡುವಿನ ದಾರಿ, ನಮ್ಮಂಥವರಿಗೆ ಪಕ್ಕದ ದಾರಿ. ಅಲ್ಲಿ ಆಟೊ, ಬೈಕು, ಟಂಟಂ ಎಲ್ಲದರ ನಡುವೆ ಈ ಗಾತ್ರ ತೂರಿಸಬೇಕು. ಬೈಪಾಸ್ ಹಿಡಿದರೆ ಅಲ್ಲಿಯೂ ನಿಧಾನ ಓಡಿಸು. ಎತ್ತರದ ಗಾಡಿ, ಸಣ್ಣ ಕಾರಿನ ಹಾಗೆ ಒಮ್ಮೆಲೇ ತಿರುಗಿಸಿದರೆ ವಾಲುತ್ತದೆ, ನಿಲ್ಲಲು ಜಾಸ್ತಿ ದೂರ ಬೇಕು. ನಿನ್ನ ಮನೆ ಗೇಟನ್ನೂ ಟೇಪು ಹಿಡಿದು ಅಳೆ. ಗಾಡಿಯ ಅಗಲವೇ ಆರು ಅಡಿ, ಕನ್ನಡಿ ಹೊರಕ್ಕೆ ತೆರೆದರೆ ಇನ್ನೂ ಜಾಸ್ತಿ. ಉದ್ದ ಹತ್ತಿರ ಹತ್ತಿರ ಹದಿನೈದೂವರೆ ಅಡಿ. ಕಾಮನಕಟ್ಟಿಯ ಅಜ್ಜಿ ಮನೆಗೆ ಹೋದಾಗ ಗಾಡಿ ದೂರ ನಿಲ್ಲಿಸಿ ನಡೆದು ಹೋಗುವುದು ಖಾತ್ರಿ.

2020ರ ಏಪ್ರಿಲ್ ನಂತರದ ಬಿಎಸ್6 ಅನ್ನುವ ಹೊಗೆ ನಿಯಮದ ಡೀಸೆಲ್ ಗಾಡಿ ಯಾವುದಾದರೂ ಕಣ್ಣಿಗೆ ಬಿದ್ದರೆ ಒಂದು ಎಚ್ಚರ. ಅದರ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯುವ ಜಾಲರಿ ಇರುತ್ತದೆ. ಅದು ಬಿಸಿಯಾಗಿ ತಾನೇ ಸುಟ್ಟು ಸ್ವಚ್ಛ ಆಗಬೇಕಾದರೆ ಗಾಡಿ ಆಗಾಗ ಉದ್ದ ದಾರಿ ಓಡಬೇಕು. ನಿನ್ನ ಓಡಾಟಕ್ಕೆ ತೊಂದರೆ ಇಲ್ಲ. ದಿನಾ ಮಗುವನ್ನು ಶಾಲೆಗೆ ಬಿಟ್ಟು ಎರಡು ಕಿಲೋಮೀಟರಿಗೆ ಬಂದ್ ಮಾಡುವ ಮನೆಯ ಗಾಡಿಯಾಗಿದ್ದರೆ ಆ ಜಾಲರಿ ಕಟ್ಟಿಕೊಂಡಿರುತ್ತದೆ. ಕೇಳಿ ನೋಡು.

ಪರೀಕ್ಷೆ ಮಾಡುವುದನ್ನು ನನಗೆ ಬಿಡು. ಸಾರಿಗೆ ಸಂಸ್ಥೆ ವರ್ಕ್‌ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡದ್ದು ಇಷ್ಟಕ್ಕಾದರೂ ಬರಲಿ. ಆದರೂ ನಾನು ಏನು ನೋಡುತ್ತೇನೆ ಅಂತ ನೀನು ತಿಳಿದಿರಬೇಕು. ಸೀಟ್ ಬೆಲ್ಟ್ ಸುಮ್ನೆ ಹಾಕಿ ನೋಡುವುದಲ್ಲ, ಕೊನೆ ತನಕ ಎಳೆಯಬೇಕು. ಒಳಗೆ ಸುತ್ತಿಕೊಂಡಿರುವ ಆ ಕೊನೆಯ ಎರಡು ಗೇಣನ್ನು ಯಾರೂ ತೊಳೆದಿರುವುದಿಲ್ಲ. ನೀರಲ್ಲಿ ಮುಳುಗಿದ ಗಾಡಿಯಾಗಿದ್ದರೆ ಅಲ್ಲಿ ಕೆಸರಿನ ಗೆರೆ ಇರುತ್ತದೆ, ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಸೀಟಿನ ಕೆಳಗಿನ ಹಳಿಯಲ್ಲಿ ತುಕ್ಕು. ಆಮೇಲೆ ಗಾಡಿಯ ಕೆಳಗೆ ಮಲಗಬೇಕು. ಗಾಲಿ ಕಡೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಅದರ ಕೀಲಿನ ಕ್ರಾಸ್ ಸವೆದಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಡಿಫರೆನ್ಷಿಯಲ್ ಹೌಸಿಂಗಿನ ಬೋಲ್ಟ್ ಬಿಚ್ಚಿಸಿ ಬೆರಳಿಗೆ ಆಯಿಲ್ ಹಚ್ಚಿಕೊಂಡು ನೋಡಬೇಕು. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಹೊಕ್ಕಿದೆ. ಮೀಟರ್ 90 ಸಾವಿರ ತೋರಿಸಿ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ಮೀಟರ್ ಮಾತು ಕೇಳಬೇಡ, ಸರ್ವಿಸ್ ದಾಖಲೆ ಕೇಳು.

ಕಾಗದದ ಕೆಲಸ ನಿನ್ನದು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಅವರ ಎನ್‌ಒಸಿ ಮತ್ತು ಸಾಲ ತೀರಿದ್ದಕ್ಕೆ ಕೊಡುವ ಫಾರ್ಮ್ 35 ಕೈಗೆ ಬರುವ ತನಕ ಪೂರ್ತಿ ರೊಕ್ಕ ಕೊಡಬೇಡ. ಹೆಸರು ಬದಲಾವಣೆಗೆ ಫಾರ್ಮ್ 29, 30. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಿಕೊ. ಹಳೆ ಮಾಲೀಕನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಅವನ ಜೊತೆ ಹೋಗುತ್ತದೆ, ನಿನಗೆ ಬರುವುದಿಲ್ಲ. 2013ರ ಗಾಡಿಗೆ 2028ರಲ್ಲಿ ಹದಿನೈದು ವರ್ಷ ತುಂಬುತ್ತದೆ. ಆಗ ಮತ್ತೆ ಫಿಟ್ನೆಸ್ ತೋರಿಸಿ ಐದು ವರ್ಷಕ್ಕೆ ನೋಂದಣಿ ಮಾಡಿಸಬೇಕು, ಆ ಶುಲ್ಕ 2022ರಿಂದ 600 ಇದ್ದದ್ದು 5,000 ಆಗಿದೆ. ಬೆಲೆ ಮಾತಾಡುವಾಗ ಇದನ್ನೂ ಎತ್ತು, ಒಂದಿಷ್ಟು ಇಳಿಯುತ್ತಾರೆ.

ನಿನ್ನ ಹತ್ತಿರ ಎಷ್ಟಿದೆಯೋ ಅದರಲ್ಲಿ ಒಂದೂವರೆ ಲಕ್ಷ ಪಕ್ಕಕ್ಕೆ ಇಟ್ಟು, ಉಳಿದದ್ದರಲ್ಲಿ ಗಾಡಿ ಕುದುರಿಸು. ತಂದ ಮೊದಲ ತಿಂಗಳೇ ಎಲ್ಲ ಆಯಿಲ್, ಬೆಲ್ಟು, ಬ್ರೇಕ್, ಬುಷ್ ಮಾಡಿಸಿಬಿಡಬೇಕು. ಟೈರಿನ ಪಕ್ಕದ ನಾಲ್ಕು ಅಂಕಿ ಓದು, ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಉಳಿದಿರಲಿ, ಅದನ್ನೂ ಖರ್ಚಿಗೆ ಸೇರಿಸು.

ಈ ರವಿವಾರ ಆ ಕೆಎ-25 ಗಾಡಿ ನೋಡಲು ಹೋಗೋಣ. ಬೆಳಿಗ್ಗೆ ಏಳಕ್ಕೆ ಬರುತ್ತೇವೆ ಅಂತ ಅವರಿಗೆ ಇವತ್ತೇ ಹೇಳು. ನಾವು ಬರುವ ತನಕ ಸ್ಟಾರ್ಟ್ ಮಾಡಬಾರದು ಅಂತಲೂ ಹೇಳು. ಬಾನೆಟ್ ಮೇಲೆ ಕೈಯಿಟ್ಟರೆ ತಣ್ಣಗೆ ಇರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಬೆಲೆಯ ಮಾತೇ ಬೇಡ, ಹಾಗೇ ಹೊರಟು ಬರೋಣ. ಹಳೆ ಬಟ್ಟೆ ಹಾಕಿಕೊಂಡು ಬಾ, ಕೆಳಗೆ ಮಲಗುವುದು ನೀನು.

ನಿನ್ನ ಮಾಮಾ