ತುಂಗಭದ್ರಾ ಹೂಳಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಅಣೆಕಟ್ಟಿನ ಗೇಟು ತೆಗೆದರೆ ಹೂಳೆಲ್ಲ ಕೊಚ್ಚಿ ಹೋಗುತ್ತದೆ ಎನ್ನುವ ಮೆಸೇಜನ್ನು ದಯವಿಟ್ಟು ಇನ್ನು ಹಂಚಬೇಡಿ, ಅದು ತಪ್ಪು. ಹೊಳೆ ನೀರು ಹಿನ್ನೀರಿಗೆ ಸೇರುತ್ತಲೇ ಅದರ ಓಟ ತಗ್ಗುತ್ತದೆ. ದಪ್ಪ ಮರಳು ಅಲ್ಲೇ, ಅಣೆಕಟ್ಟಿನಿಂದ ಬಹುದೂರದಲ್ಲೇ ಕೂರುತ್ತದೆ. ನುಣ್ಣನೆ ಜೇಡಿ ಮಾತ್ರ ಮುಂದೆ ತೇಲಿ ಬಂದು, ನಿಂತ ನೀರಿನಲ್ಲಿ ನಿಧಾನವಾಗಿ ತಳ ಸೇರುತ್ತದೆ. 33 ಕ್ರಸ್ಟ್ ಗೇಟುಗಳಿರುವುದು ಮೇಲ್ಭಾಗದಲ್ಲಿ ಅಲ್ವಾ? ಅವನ್ನು ತೆಗೆದರೆ ಮೇಲಿನ ನೀರು ಹೋಗುತ್ತದೆ, ತಳದ ಹೂಳು ಕದಲುವುದಿಲ್ಲ. ಶುರುವಿನಲ್ಲಿ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಕಾಲುವೆಯ ಕೊನೇ ಭಾಗದ ರೈತರಿಗೆ ಇದು ದೊಡ್ಡ ಪೆಟ್ಟು.

ಹಿನ್ನೀರಿನ ಊರಿನವರು ಬೇಸಿಗೆಯಲ್ಲಿ ನೀರು ಇಳಿದಾಗ ಹೂಳಿನ ಫೋಟೊ ಹಾಕಿ. ಜಾಗ, ತಾರೀಖು ತಪ್ಪದೆ ಬರೆಯಿರಿ.