ಸಿಸ್ಟರ್ ಕೋಣೆ ಮತ್ತು ಹೊಸ ಫೀ: ನಮ್ಮ ಕ್ಲಿನಿಕ್‌ಗೆ ಬರುವ ಎಲ್ಲರಿಗೂ

ಪ್ರೀತಿಯ ಸದಸ್ಯರೇ,

ಹೋದ ತಿಂಗಳಿಂದ ಬಿಪಿ, ಶುಗರ್, ಥೈರಾಯ್ಡ್ ಅಂತ ಬರುವವರೆಲ್ಲ ಮೊದಲು ಸಿಸ್ಟರ್ ಕೋಣೆಗೆ ಹೋಗಿ ಮನಸ್ಸಿನ ಬಗ್ಗೆ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದೀರಿ, ಆಮೇಲೆ ಡಾಕ್ಟರ್ ಹತ್ತಿರ. ಫೀ ಕೂಡ 50 ರೂಪಾಯಿ ಜಾಸ್ತಿಯಾಗಿದೆ. ಕೌಂಟರ್‌ನಲ್ಲಿ, ವಾಟ್ಸಾಪ್‌ನಲ್ಲಿ, ಡೊಂಬಿವಲಿ ಸ್ಟೇಷನ್ ಪ್ಲಾಟ್‌ಫಾರ್ಮ್‌ನಲ್ಲೂ ನೀವು ಆಡಿದ ಮಾತು ನಮ್ಮ ಕಿವಿಗೆ ಬಿದ್ದಿದೆ. ಕಾದು ಕಾದು ಕೆಲಸಕ್ಕೆ ತಡವಾದವರಲ್ಲಿ ಮನಸಾರೆ ಕ್ಷಮೆ ಕೇಳುತ್ತೇವೆ. ಈ ಏರ್ಪಾಡನ್ನು ಮಾತ್ರ ಕೈಬಿಡುವುದಿಲ್ಲ.

ಮೊದಲು ದುಡ್ಡಿನ ವಿಷಯ. ಡಾಕ್ಟರ ಖರ್ಚು ಉಳಿಸಲು ನರ್ಸ್ ಇಟ್ಟಿದ್ದೇವೆ ಎಂದು ಕೆಲವರು ಹೇಳುತ್ತಿದ್ದಾರೆ. ಇದು ನಿಜಕ್ಕೂ ನೋವಾಗುವ ಮಾತು. ಡಾಕ್ಟರ ಸಮಯ ಒಂದು ನಿಮಿಷವೂ ಕಡಿಮೆಯಾಗಿಲ್ಲ. ಮೇಲೆ ಸಿಸ್ಟರ್ ಸಂಬಳ ಸೇರಿದೆ, ಪಕ್ಕದ ಗಾಳಾದ (ಅಂಗಡಿ ಕೋಣೆಯ) ಬಾಡಿಗೆ ಸೇರಿದೆ. ಪರದೆ ಹಿಂದೆ ಕೂರಿಸಿ, "ರಾತ್ರಿ ನಿದ್ದೆ ಬರುತ್ತಾ? ಬದುಕೇ ಸಾಕು ಅನಿಸುತ್ತಾ?" ಎಂದು ಕೇಳೋಕಾಗುತ್ತಾ? ಅದಕ್ಕೆ ಬಾಗಿಲಿರುವ ಕೋಣೆ ಬೇಕು. ಸ್ಟೇಷನ್ ಹತ್ತಿರ ಅಂಥ ಜಾಗಕ್ಕೆ ಎಷ್ಟು ಡಿಪಾಸಿಟ್ ಕೇಳುತ್ತಾರೆ ಅಂತ ನಿಮಗೇ ಗೊತ್ತು. ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ, ಸರಿ. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ಹಣ ಕೊಡುತ್ತವೆ. ನಮ್ಮಂಥ ಕ್ಲಿನಿಕ್‌ನಲ್ಲಿ ಕೂತು ಮಾತಾಡಿದ್ದಕ್ಕೆ ಕೊಡುವವರು ಯಾರು?

ಇನ್ನು ದಿನವೂ ಕೇಳುವ ದೂರು: "ಶುಗರ್ ತೋರಿಸೋಕೆ ಬಂದರೆ ನರ್ಸ್ ಮನಸ್ಸಿನ ಪ್ರಶ್ನೆ ಕೇಳ್ತಾರೆ. ನಾವೇನು ಹುಚ್ಚರಾ?"

ಖಂಡಿತ ಇಲ್ಲ. ಡಯಾಬಿಟಿಸ್ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಮನಸ್ಸು ಕುಗ್ಗಿದವರು ವಾಕಿಂಗ್ ಬಿಡುತ್ತಾರೆ, ಮಾತ್ರೆ ಮರೆಯುತ್ತಾರೆ. ಶುಗರ್ ಏರುತ್ತದೆ. ಕಾರಣ ಕೇಳದೆ ಡೋಸ್ ಏರಿಸಿದರೆ ಏನು ಬಂತು? ಇದು ತಿರುಗುಮುರುಗೂ ಆಗುತ್ತದೆ. ಥೈರಾಯ್ಡ್ ಕಡಿಮೆಯಾದರೆ, ಬಿ12 ಕೊರತೆಯಾದರೆ ಯಾವುದರಲ್ಲೂ ಉತ್ಸಾಹ ಇರುವುದಿಲ್ಲ. ಮನೆಯವರು ಸೋಮಾರಿ ಅನ್ನುತ್ತಾರೆ. ಬೇಕಾಗಿದ್ದದ್ದು ಒಂದು ರಕ್ತ ಪರೀಕ್ಷೆ, ಅಷ್ಟೇ.

ಔಷಧಿಗಳದ್ದು ಇನ್ನೂ ಸೂಕ್ಷ್ಮ. ಮನಸ್ಸಿನ ಏರುಪೇರಿಗೆ ಕೊಡುವ ಲಿಥಿಯಂ ತಗೊಳ್ಳುವವರು ರಕ್ತದಲ್ಲಿ ಅದರ ಪ್ರಮಾಣ, ಕಿಡ್ನಿ, ಥೈರಾಯ್ಡ್ ಆಗಾಗ ನೋಡಿಸಿಕೊಳ್ಳಬೇಕು. ಅದರ ಜೊತೆ ಮಂಡಿ ನೋವಿಗೆ ಐಬುಪ್ರೊಫೆನ್ ನುಂಗಿದರೆ ಅಥವಾ ಬಿಪಿಗೆ ಥಯಾಜೈಡ್ ಮಾತ್ರೆ ಸೇರಿದರೆ, ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಮನಸ್ಸಿನ ಕಾಯಿಲೆಗೆ ಕೊಡುವ ಒಲಾಂಜಪೀನ್‌ನಿಂದ ತೂಕ, ಶುಗರ್ ಎರಡೂ ಏರಬಹುದು. ಮನಸ್ಸಿನ ಡಾಕ್ಟರ್ ಠಾಣೆ ಶಹರದಲ್ಲಿ, ಬಿಪಿ ಡಾಕ್ಟರ್ ಇಲ್ಲಿ. ಎರಡೂ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡುವವರು ಯಾರು? ನಮ್ಮ ಸಿಸ್ಟರ್.

ಅವರನ್ನು ಬರೀ ಇಂಜೆಕ್ಷನ್ ಕೊಡುವವರು ಅಂದುಕೊಳ್ಳಬೇಡಿ. ಮಾನಸಿಕ ಆರೋಗ್ಯದ ನರ್ಸಿಂಗ್‌ನಲ್ಲಿ ಎಂಎಸ್ಸಿ ಮಾಡಿದವರು. ಅಮೆರಿಕದ ಕೊಲರಾಡೊದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಡಾಕ್ಟರ್ ಸೇರಿ ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ತರಬೇತಿ ಪಡೆದು ರೋಗಿಗಳನ್ನು ತಾವೇ ಪರೀಕ್ಷಿಸುವ ನರ್ಸ್) ತರಬೇತಿ ಶುರು ಮಾಡಿದರು. ಅಲ್ಲಿ ಅಂಥ ನರ್ಸ್‌ಗಳು ಮದ್ದಿನ ಚೀಟಿಯನ್ನೂ ಬರೆಯುತ್ತಾರೆ. ನಮ್ಮಲ್ಲಿ ಹಾಗಿಲ್ಲ, ಸಹಿ ಡಾಕ್ಟರದ್ದೇ. ಖಿನ್ನತೆಯ ಜೊತೆ ಡಯಾಬಿಟಿಸ್ ಅಥವಾ ಹೃದಯದ ಕಾಯಿಲೆ ಇದ್ದ 214 ಜನರ ಅಧ್ಯಯನವೊಂದು 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಡಾಕ್ಟರ ಮಾರ್ಗದರ್ಶನದಲ್ಲಿ ನರ್ಸ್‌ಗಳು ಬೆನ್ನು ಹತ್ತಿ ನೋಡಿಕೊಂಡವರಲ್ಲಿ ಮನಸ್ಸು, ಶುಗರ್, ಬಿಪಿ, ಕೊಲೆಸ್ಟ್ರಾಲ್ ಎಲ್ಲವೂ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿದ್ದವು. ನಮಗೆ ಧೈರ್ಯ ಬಂದದ್ದು ಇಂಥದ್ದನ್ನು ಓದಿಯೇ.

ಸಿಸ್ಟರ್ ಕೇಳುವುದು ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಒಟ್ಟು 27 ಅಂಕ. 10 ದಾಟಿದರೆ ಡಾಕ್ಟರ್ ನಿಮ್ಮ ಜೊತೆ ನಿಧಾನವಾಗಿ ಮಾತಾಡುತ್ತಾರೆ. ಸಾಯುವ ಯೋಚನೆ ಬರುತ್ತಿದೆ ಎಂದು ಹೇಳಿದವರನ್ನು ಡಾಕ್ಟರ್ ನೋಡದೆ ಮನೆಗೆ ಕಳಿಸುವುದಿಲ್ಲ. ನೀವು ಹೇಳಿದ್ದು ಕೌಂಟರ್‌ನವರಿಗೆ ಕಾಣುವುದಿಲ್ಲ. ನೀವು ಒಪ್ಪದೆ ಮಗನಿಗೋ ಸೊಸೆಗೋ ಹೇಳುವುದೂ ಇಲ್ಲ. ನನ್ನ ತಾಯಿಯೂ ಅದೇ ಕುರ್ಚಿಯಲ್ಲಿ ಕೂತು ಉತ್ತರ ಕೊಟ್ಟಿದ್ದಾರೆ. ಏನು ಹೇಳಿದರು ಅಂತ ನನಗೂ ಗೊತ್ತಿಲ್ಲ, ಗೊತ್ತಾಗಲೂ ಬಾರದು.

ಫೀ ಕಷ್ಟವಾದರೆ ನನ್ನ ಹತ್ತಿರ ಬಂದು ಹೇಳಿ, ಸಂಕೋಚ ಬೇಡ. ರಾತ್ರಿ ಹೊತ್ತು ಮನಸ್ಸು ತಡೆಯದಾದರೆ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್, ಹಣ ಇಲ್ಲ, ಕನ್ನಡವೂ ಇದೆ. ಮುಂದಿನ ಸಲ ಬರುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತನ್ನಿ, ನೋವಿನ ಮಾತ್ರೆ, ಆಯುರ್ವೇದದ್ದೂ ಸೇರಿಸಿ.

ನಿಮ್ಮ,
ಕಾರ್ಯದರ್ಶಿ, ಆಡಳಿತ ಮಂಡಳಿಯ ಪರವಾಗಿ