ವ್ಯಾಮ್ ಜೋಡಿಯ ಇನ್ನೊಬ್ಬರ ಬಗ್ಗೆ

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬ್ರಿಟನ್ನಿನ ವ್ಯಾಮ್ (Wham!) ಎಂಬ ಪಾಪ್ ಜೋಡಿಯ ಬಗ್ಗೆ ಬಂದ ಬರಹ ಓದಿದೆ. ಕಾಸರಗೋಡಿಗೆ ಬರುವ ಕನ್ನಡ ಪತ್ರಿಕೆಯಲ್ಲಿ ಇಂಗ್ಲಿಷ್ ಪಾಪ್ ಹಾಡುಗಾರರಿಗೆ ಅರ್ಧ ಪುಟ ಸಿಗುವುದೇ ಅಪರೂಪ. ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ 'ಏಳು ಬೀಳು' ಅಂತ ತಲೆಬರಹ ಕೊಟ್ಟು, ಒಳಗೆ ಜಾರ್ಜ್ ಮೈಕೆಲ್ ಅವರನ್ನು ಹೊಗಳಿ, ಇನ್ನೊಬ್ಬ ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತಿದ್ದ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಆ ಇನ್ನೊಬ್ಬರ ಹೆಸರು ಆಂಡ್ರ್ಯೂ ರಿಜ್ಲಿ. ಇಡೀ ಬರಹದಲ್ಲಿ ಅದು ಒಂದೇ ಸಲ ಬಂದಿದೆ, ಅದೂ ಫೋಟೋದ ಕೆಳಗೆ.

ಇಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಅಂತ ಕೆಲವರು ನಗಬಹುದು. ಎಂಬತ್ತರ ದಶಕದಲ್ಲಿ ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ರೇಡಿಯೋ, ಕ್ಯಾಸೆಟ್ ಎರಡೂ ನುಡಿಸುವ ಟೂ-ಇನ್-ವನ್ ಇದ್ದೇ ಇರುತ್ತಿತ್ತು. ಜೊತೆಗೆ ಮಾಪ್ಪಿಳಪಾಟ್ಟು, ಹಿಂದಿ ಹಾಡು, ಅವುಗಳ ನಡುವೆ ಒಂದೆರಡು ಇಂಗ್ಲಿಷ್ ಕ್ಯಾಸೆಟ್ಟು. ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಡುವ ಅಂಗಡಿಗಳು ಪೇಟೆಯಲ್ಲಿದ್ದವು. ಒಬ್ಬರ ಮನೆಗೆ ಬಂದದ್ದು ತಿಂಗಳೊಳಗೆ ನಾಲ್ಕು ಮನೆಗೆ ಹೋಗುತ್ತಿತ್ತು. ವ್ಯಾಮ್ ನಮ್ಮ ಕಡೆ ಬಂದದ್ದು ಹಾಗೆ. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ಅದೇ ಮೇ ತಿಂಗಳಲ್ಲಿ ಅವರ 'ವೇಕ್ ಮಿ ಅಪ್ ಬಿಫೋರ್ ಯು ಗೋ-ಗೋ' ಬಿಡುಗಡೆಯಾಗಿ, ಮೊದಲು ಬ್ರಿಟನ್ನಿನಲ್ಲೂ ಅದೇ ವರ್ಷ ಅಮೆರಿಕದಲ್ಲೂ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಒಂದಕ್ಕೊಂದು ಸಂಬಂಧ ಇಲ್ಲ ಬಿಡಿ, ನೆನಪಾಯಿತು ಅಂತ ಹೇಳಿದೆ. ಆ ಹಾಡಿನ ಹೆಸರು ಹುಟ್ಟಿದ್ದು ಆಂಡ್ರ್ಯೂ ತಮ್ಮ ಮನೆಯಲ್ಲಿ, ಬೆಳಿಗ್ಗೆ ನನ್ನನ್ನು ಎಬ್ಬಿಸಿ ಅಂತ ಬರೆದಿಟ್ಟ ಒಂದು ಚೀಟಿಯಿಂದ. ಅವಸರದಲ್ಲಿ ಒಂದು ಮಾತನ್ನು ಎರಡು ಸಲ ಬರೆದುಬಿಟ್ಟಿದ್ದರು. ಅದನ್ನು ನೋಡಿ ಜಾರ್ಜ್ ಹಾಡು ಕಟ್ಟಿದರು.

ಇಬ್ಬರ ಸ್ನೇಹ 1975ರದ್ದು. ಲಂಡನ್ ಹತ್ತಿರದ ಬುಶಿ ಎಂಬಲ್ಲಿನ ಶಾಲೆಗೆ ಹೊಸ ಹುಡುಗನೊಬ್ಬ ಬಂದ, ಜಾರ್ಜಿಯೊಸ್ ಪನಾಯೊಟು, ಮುಂದೆ ಜಾರ್ಜ್ ಮೈಕೆಲ್ ಆದವನು. ಅಪ್ಪ ಸೈಪ್ರಸ್ಸಿನಿಂದ ಬಂದು ಹೋಟೆಲು ನಡೆಸುತ್ತಿದ್ದ ಗ್ರೀಕ್ ಮನುಷ್ಯ. ಹುಡುಗ ದಪ್ಪ, ಕನ್ನಡಕ, ನಾಚಿಕೆ ಜಾಸ್ತಿ. ಇವನನ್ನು ಯಾರು ನೋಡಿಕೊಳ್ಳುತ್ತೀರಿ ಅಂತ ಟೀಚರ್ ಕೇಳಿದಾಗ ಕೈ ಎತ್ತಿದ್ದು ಆಂಡ್ರ್ಯೂ. ಇವರ ಅಪ್ಪನೂ ಹೊರಗಿನವರೇ, ಈಜಿಪ್ಟಿನಲ್ಲಿ ಹುಟ್ಟಿದವರು. ಅಪ್ಪನದೊಂದು ಭಾಷೆ, ಶಾಲೆಯದು ಇನ್ನೊಂದು ಅನ್ನುವುದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಮುಂದೆ ಬಟ್ಟೆ ಹಾಕುವುದು, ಕೂದಲು ಬಾಚುವುದು, ಜನರ ಮುಂದೆ ಧೈರ್ಯವಾಗಿ ನಿಲ್ಲುವುದು, ಎಲ್ಲವನ್ನೂ ಜಾರ್ಜ್ ನೋಡಿ ಕಲಿತದ್ದು ಆಂಡ್ರ್ಯೂ ಹತ್ತಿರ. ಪರೀಕ್ಷೆ ಮುಗಿಯಲಿ ಆಮೇಲೆ ನೋಡೋಣ ಅಂತ ಜಾರ್ಜ್ ಹಿಂದೆ ಸರಿದಾಗ, ಆಗುವುದಾದರೆ ಈಗಲೇ ಆಗಬೇಕು ಅಂತ ಹಟ ಹಿಡಿದು 1979ರಲ್ಲಿ ಬ್ಯಾಂಡ್ ಶುರು ಮಾಡಿಸಿದ್ದೂ ಅವರೇ. ಅದು ಹೆಚ್ಚು ದಿನ ಬಾಳಲಿಲ್ಲ. 1981ರಲ್ಲಿ ಇಬ್ಬರೇ ಉಳಿದು ವ್ಯಾಮ್ ಆದರು.

ಕಂಪನಿಗಳಿಗೆ ಕೇಳಿಸಲು ಮಾಡಿದ ಮೊದಲ ಡೆಮೋ ಟೇಪು ರೆಕಾರ್ಡ್ ಆದದ್ದು ಆಂಡ್ರ್ಯೂ ಅಪ್ಪ ಅಮ್ಮನ ಮನೆಯ ಪಡಸಾಲೆಯಲ್ಲಿ. 'ಕೇರ್‌ಲೆಸ್ ವಿಸ್ಪರ್' ಅದರಲ್ಲೇ ಇತ್ತು! ಆ ಹಾಡಿನ ಸ್ಯಾಕ್ಸೋಫೋನ್ ತುಣುಕನ್ನು ಇಂಗ್ಲಿಷ್ ಬಾರದವರೂ ಗುನುಗುತ್ತಾರೆ. ಕದ್ರಿ ಗೋಪಾಲನಾಥರ ದಯೆಯಿಂದ ನಮ್ಮ ಕಡೆಯವರಿಗೆ ಸ್ಯಾಕ್ಸೋಫೋನ್ ಅಪರಿಚಿತವೇನಲ್ಲ, ಮದುವೆ ಮನೆಯಲ್ಲಿ, ದೇವಸ್ಥಾನದ ಉತ್ಸವದಲ್ಲಿ ಕೇಳಿಯೇ ಬೆಳೆದವರು ನಾವು. ಜಾರ್ಜ್‌ಗೆ ಆ ಸ್ವರ ಹೊಳೆದದ್ದು ಬಸ್ಸಿನಲ್ಲಿ ಹೋಗುವಾಗಂತೆ, ಆಗ 17 ವರ್ಷ. ಒಬ್ಬರು ನುಡಿಸಿದ್ದು ಸರಿಬರದೆ ಇನ್ನೊಬ್ಬರು, ಮತ್ತೊಬ್ಬರು ಅಂತ ಹಲವರನ್ನು ಕರೆಸಿ ಕೊನೆಗೆ ಸ್ಟೀವ್ ಗ್ರೆಗರಿ ಎಂಬವರು ನುಡಿಸಿದ್ದನ್ನು ಇಟ್ಟುಕೊಂಡರು. ನಿಮ್ಮ ಬರಹ ಆ ಹಾಡನ್ನು 'ಜಾರ್ಜ್ ಒಬ್ಬರೇ ಬರೆದ ಹಾಡು' ಅಂದಿದೆ. ಬ್ರಿಟನ್ನಿನಲ್ಲಿ ಅದು ಜಾರ್ಜ್ ಹೆಸರಲ್ಲೇ ಬಿಡುಗಡೆಯಾಯಿತು, ಸರಿ. ಆದರೆ ಬರೆದವರು ಅಂತ ರೆಕಾರ್ಡಿನ ಮೇಲೆ ಇಬ್ಬರ ಹೆಸರೂ ಇದೆ.

ಇಬ್ಬರನ್ನೂ ನಿಜವಾಗಿ ಕಾಡಿದ್ದು ಹಾಡಿನ ಕಂಪನಿಯ ಕರಾರು. ನಿಮ್ಮ ಬರಹದಲ್ಲಿ ಅದರ ಸುದ್ದಿಯೇ ಇಲ್ಲ. 1982ರಲ್ಲಿ ಇನ್ನರ್‌ವಿಷನ್ ಎಂಬ ಸಣ್ಣ ಕಂಪನಿಯ ಕಾಗದಕ್ಕೆ ಸಹಿ ಹಾಕುವಾಗ ಒಬ್ಬನಿಗೆ 18, ಇನ್ನೊಬ್ಬನಿಗೆ 19. ಮುಂಗಡ ಅಂತ ಸಿಕ್ಕಿದ್ದು ತಲಾ 500 ಪೌಂಡು. ಕುಣಿಯುವ ಕ್ಲಬ್ಬುಗಳಲ್ಲಿ ಜಾಸ್ತಿ ಓಡುತ್ತಿದ್ದ 12 ಇಂಚಿನ ರೆಕಾರ್ಡುಗಳಿಗೆ ರಾಯಲ್ಟಿಯೇ ಇಲ್ಲ. ಅದೇ ವರ್ಷ 'ಯಂಗ್ ಗನ್ಸ್' ಹಾಡಿಗೆ ಬಿಬಿಸಿಯ ಟಾಪ್ ಆಫ್ ದಿ ಪಾಪ್ಸ್ ಎಂಬ ಟಿವಿ ಕಾರ್ಯಕ್ರಮದಲ್ಲಿ ಅದೃಷ್ಟಕ್ಕೆ ಜಾಗ ಸಿಕ್ಕಿತು, ಬರಬೇಕಾಗಿದ್ದ ಇನ್ಯಾರೋ ಬಾರದ್ದರಿಂದ. ಹಾಡು ಮೂರನೇ ಸ್ಥಾನಕ್ಕೆ ಏರಿತು. 1983ರಲ್ಲಿ ಮೊದಲ ಆಲ್ಬಂ 'ಫ್ಯಾಂಟಾಸ್ಟಿಕ್' ಒಂದನೇ ಸ್ಥಾನ. ಇಷ್ಟೆಲ್ಲ ಆದರೂ ಕೈಯಲ್ಲಿ ಕಾಸಿಲ್ಲ. ವಕೀಲರನ್ನು ಹಿಡಿದು, ತಿಂಗಳುಗಟ್ಟಲೆ ಹಾಡು ಬಿಡದೆ ಜಗಳ ಮಾಡಿ, 1984ರಲ್ಲಿ ಆ ಕಂಪನಿಯಿಂದ ಬಿಡಿಸಿಕೊಂಡು ಎಪಿಕ್ ಎಂಬ ಇನ್ನೊಂದು ಕಂಪನಿಗೆ ಹೋದರು. ಈಗ ನಮ್ಮ ಕಡೆ ತುಳು, ಕನ್ನಡ, ಮಲಯಾಳಂ ಆಲ್ಬಂ ಹಾಡು ಮಾಡುವ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಯೂಟ್ಯೂಬ್ ಚಾನೆಲಿನವರು ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕುವವರೂ ಇದ್ದಾರೆ, ಕಾಗದವೇ ಇಲ್ಲದೆ ಹಾಡು ಕೊಡುವವರು ಅದಕ್ಕಿಂತ ಜಾಸ್ತಿ. ಪುರವಣಿಯಲ್ಲಿ ಈ ಕತೆಗೆ ಎರಡು ಕಾಲಂ ಕೊಟ್ಟಿದ್ದರೆ ಅವರಿಗೆ ಉಪಕಾರವಾಗುತ್ತಿತ್ತು.

ಚೀನಾದ ಕತೆಯನ್ನಂತೂ ನೀವು ಪೂರ್ತಿ ಬಿಟ್ಟಿದ್ದೀರಿ. 1985ರ ಏಪ್ರಿಲ್‌ನಲ್ಲಿ ವ್ಯಾಮ್ ಬೀಜಿಂಗಿನಲ್ಲೂ ಗುವಾಂಗ್‌ಝೌನಲ್ಲೂ ಹಾಡಿತು. ಅಲ್ಲಿಗೆ ಹೋಗಿ ಹಾಡಿದ ಪಶ್ಚಿಮದ ಮೊದಮೊದಲ ಪಾಪ್ ತಂಡಗಳಲ್ಲಿ ಅದೂ ಒಂದು. ಸೈಮನ್ ನೇಪಿಯರ್-ಬೆಲ್ ಎಂಬ ಮ್ಯಾನೇಜರ್ ಅಧಿಕಾರಿಗಳಿಗೆ ಊಟ ಹಾಕಿಸಿ ಹಾಕಿಸಿ ಒಪ್ಪಿಗೆ ತಂದರಂತೆ, ಅವರೇ ಹೇಳಿಕೊಂಡದ್ದು. ಟಿಕೆಟ್ಟಿನ ಜೊತೆ ಒಂದು ಕ್ಯಾಸೆಟ್ಟು ಕೊಟ್ಟಿದ್ದರು. ಒಂದು ಬದಿಯಲ್ಲಿ ವ್ಯಾಮ್ ಹಾಡು, ಇನ್ನೊಂದು ಬದಿಯಲ್ಲಿ ಅವೇ ಹಾಡುಗಳು ಚೀನೀ ಗಾಯಕಿಯ ದನಿಯಲ್ಲಿ. ಸೀಟು ಬಿಟ್ಟು ಎದ್ದು ಕುಣಿಯಬಾರದು ಅಂತ ಕಟ್ಟಪ್ಪಣೆ, ಸುತ್ತಲೂ ಪೊಲೀಸರು. ವೇದಿಕೆಯಲ್ಲಿ ಇವರು ಕುಣಿಯುತ್ತಿದ್ದರೆ ಎದುರಿಗೆ ಸಾವಿರಾರು ಜನ ತಾಳಮದ್ದಳೆ ಕೇಳುವವರ ಹಾಗೆ ಕೂತಿದ್ದರು.

ಇನ್ನು ಆ 'ಬೀಳು'. ವ್ಯಾಮ್ ಯಾವಾಗ ಬಿತ್ತು, ಹೇಳಿ? 1986ರಲ್ಲಿ ಮುಗಿಸುತ್ತೇವೆ ಅಂತ ಅವರೇ ಹೇಳಿದರು. ಜೂನಿನಲ್ಲಿ ಬಂದ ಕೊನೆಯ ಸಿಂಗಲ್ ಕೂಡ ಬ್ರಿಟನ್ನಿನಲ್ಲಿ ಒಂದನೇ ಸ್ಥಾನದಲ್ಲಿತ್ತು. ಜೂನ್ 28ಕ್ಕೆ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ 72,000 ಜನರ ಮುಂದೆ ಹಾಡಿ ಮುಗಿಸಿದರು. ಹೊಡೆದಾಟ ಇಲ್ಲ, ಕೋರ್ಟಿಲ್ಲ. ಜಾರ್ಜ್‌ಗೆ ಹರೆಯದವರ ಹಾಡು ಬಿಟ್ಟು ಬೇರೆ ಬರೆಯಬೇಕಿತ್ತು, ಅದು ಆಂಡ್ರ್ಯೂಗೂ ಗೊತ್ತಿತ್ತು. ಆ ಹೊತ್ತಿಗೆ ಹಾಡು ಬರೆಯುವುದು, ಸ್ಟುಡಿಯೋ ಕೆಲಸ ಎಲ್ಲ ಜಾರ್ಜ್ ಕೈಯಲ್ಲೇ ಇತ್ತು ಅನ್ನುವುದು ನಿಜ. 'ಲಾಸ್ಟ್ ಕ್ರಿಸ್‌ಮಸ್' ಹಾಡಿನಲ್ಲಿ ವಾದ್ಯ ನುಡಿಸಿದ್ದೂ ಅವರೊಬ್ಬರೇ. ಇದನ್ನು ಆಂಡ್ರ್ಯೂ ಎಲ್ಲೂ ಮುಚ್ಚಿಟ್ಟಿಲ್ಲ. ಗೆಳೆಯ ನನಗಿಂತ ದೊಡ್ಡ ಹಾಡುಗಾರ ಅಂತ ಇಪ್ಪತ್ತರ ಹರೆಯದಲ್ಲಿ ಒಪ್ಪಿಕೊಂಡು ದಾರಿ ಬಿಟ್ಟು ನಿಲ್ಲುವುದು ಏನೂ ಮಾಡದವನ ಲಕ್ಷಣ ಅಂತ ನನಗನಿಸುವುದಿಲ್ಲ. ಜೋಡಿ ಒಡೆದ ಮೇಲೆ ಹಣಕ್ಕೂ ಹೆಸರಿಗೂ ಕಚ್ಚಾಡುವವರನ್ನು ನಮ್ಮ ಸಿನಿಮಾರಂಗದಲ್ಲೇ ಎಷ್ಟು ಕಂಡಿಲ್ಲ?

ಆಮೇಲೆ ಆಂಡ್ರ್ಯೂ ಕಾರ್ ರೇಸಿಗೆ ಹೋದರು, ಅದು ಕೈಹಿಡಿಯಲಿಲ್ಲ. 1990ರಲ್ಲಿ ಒಂದು ಆಲ್ಬಂ ಮಾಡಿದರು, ಅದೂ ಸೋತಿತು. ಬೀಳುವುದು ಅಂದರೆ ಇದನ್ನು ಬೇಕಾದರೆ ಹೇಳಬಹುದು. ಮುಂದಿನ ವರ್ಷ ಬ್ರೆಜಿಲ್‌ನ ರಾಕ್ ಇನ್ ರಿಯೋ ಸಂಗೀತೋತ್ಸವದಲ್ಲಿ ಜಾರ್ಜ್ ಈ ಗೆಳೆಯನನ್ನು ವೇದಿಕೆಗೆ ಕರೆದು ಜೊತೆಗೆ ನಿಲ್ಲಿಸಿಕೊಂಡರು. ಜಾರ್ಜ್ ತೀರಿಕೊಂಡದ್ದು 2016ರ ಡಿಸೆಂಬರ್ 25ಕ್ಕೆ, 53ನೇ ವಯಸ್ಸಿನಲ್ಲಿ. 1984ರಲ್ಲಿ ಎರಡನೇ ಸ್ಥಾನದಲ್ಲೇ ನಿಂತಿದ್ದ 'ಲಾಸ್ಟ್ ಕ್ರಿಸ್‌ಮಸ್', ಕ್ರಿಸ್‌ಮಸ್ ವಾರದ ಒಂದನೇ ಸ್ಥಾನಕ್ಕೆ ಬಂದದ್ದು 2023ರಲ್ಲಿ. ಇಬ್ಬರಲ್ಲಿ ಅದನ್ನು ಕಂಡವರು ಆಂಡ್ರ್ಯೂ ಮಾತ್ರ. ಅಂದಹಾಗೆ 1984ರಲ್ಲಿ ಆ ಹಾಡಿನಿಂದ ಬಂದ ರಾಯಲ್ಟಿಯನ್ನು ಇಥಿಯೋಪಿಯಾದ ಬರ ಪರಿಹಾರಕ್ಕೆ ಕೊಟ್ಟಿದ್ದರು.

ಇಷ್ಟು ಬರೆದದ್ದು ದೂರದ ಊರಿನ ಇಬ್ಬರಿಗಾಗಿ ಮಾತ್ರ ಅಲ್ಲ. ನಿಮ್ಮ ಪತ್ರಿಕೆಯ ಕಾಸರಗೋಡು ಪುಟದಲ್ಲಿ ಯಕ್ಷಗಾನದ ವರದಿ ಬಂದರೆ ಭಾಗವತರು, ಚೆಂಡೆ, ಮದ್ದಳೆ, ಕೆಲವೊಮ್ಮೆ ಚಕ್ರತಾಳದವರ ಹೆಸರು ಕೂಡ ಇರುತ್ತದೆ. ಅದು ನಮ್ಮ ಕಡೆಯ ಒಳ್ಳೆಯ ರೂಢಿ. ಆದರೆ ಗಾನಮೇಳದ, ಆಲ್ಬಂ ಬಿಡುಗಡೆಯ ಸುದ್ದಿಯಲ್ಲಿ ಹಾಡಿದವರ ಹೆಸರು, ಉದ್ಘಾಟನೆ ಮಾಡಿದವರ ಹೆಸರು, ಸ್ವಾಗತ ಧನ್ಯವಾದ ಹೇಳಿದವರ ಹೆಸರು ಎಲ್ಲ ಇದ್ದು, ಕೀಬೋರ್ಡ್, ತಬಲಾ, ಗಿಟಾರಿನವರು 'ಮತ್ತು ತಂಡದವರು' ಆಗಿಬಿಡುತ್ತಾರೆ. ವರದಿ ಕಳಿಸುವುದು ಹೆಚ್ಚಾಗಿ ಸಂಘಟಕರೇ ಅಂತ ಗೊತ್ತು. ಹಾಗಾಗಿ ವಾದ್ಯದವರ ಹೆಸರನ್ನೂ ಸೇರಿಸಿ ಕಳಿಸಿ ಅಂತ ನೀವು ಒಂದು ಸಣ್ಣ ಸೂಚನೆ ಹಾಕಿದರೆ ಸಾಕು. ಜಾಗ ಸಾಲದಿದ್ದರೆ ಧನ್ಯವಾದ ಹೇಳಿದವರನ್ನು ಬಿಡಿ.

ಒಬ್ಬ ಓದುಗ
ಬದಿಯಡ್ಕ, ಕಾಸರಗೋಡು ಜಿಲ್ಲೆ